ಸ್ಲ್ಯಾಕ್‌ಗೆ ಬೆಸೆದ ಐಡೆಂಟಿಟಿ ಗವರ್ನೆನ್ಸ್: ಮೈಸೂರಿನ ಹೆಬ್ಬಾಳದ ಕಾರ್ಖಾನೆಯಲ್ಲಿ ಹದಿನೆಂಟು ತಿಂಗಳ ಬಳಕೆಯ ನಂತರ

ನಮ್ಮ ಕಂಪನಿಯಲ್ಲಿ ಕೆಲಸ ಬಿಟ್ಟು ಹೋಗುವವರ ಕೈಯಲ್ಲಿ ಎರಡು ವರ್ಷದ ಹಿಂದಿನವರೆಗೂ ಹಳದಿ ಬಣ್ಣದ ಒಂದು ‘ನೋ ಡ್ಯೂ’ ಹಾಳೆ ಇರುತ್ತಿತ್ತು. ಸ್ಟೋರ್ಸ್, ಕ್ಯಾಂಟೀನ್, ಅಕೌಂಟ್ಸ್, ಸೆಕ್ಯುರಿಟಿ ಎಂದು ಆರೇಳು ಮೇಜುಗಳನ್ನು ಸುತ್ತಿ ಆ ಹಾಳೆ ಕೊನೆಗೆ ಐಟಿ ವಿಭಾಗಕ್ಕೆ ಬಂದಾಗ, ಲ್ಯಾಪ್‌ಟಾಪ್ ವಾಪಸಾಗಿದೆಯೇ ಎಂದು ನೋಡಿ ಸಹಿ ಹಾಕುವುದು, ಆಮೇಲೆ ಬಿಡುವಾದಾಗ ಆ ವ್ಯಕ್ತಿಯ ಮೇಲ್, ಇಆರ್‌ಪಿ (ಕಂಪನಿಯ ಲೆಕ್ಕ, ದಾಸ್ತಾನು ನೋಡಿಕೊಳ್ಳುವ ತಂತ್ರಾಂಶ) ಮತ್ತು ಸ್ಲ್ಯಾಕ್ (ಕಚೇರಿಯ ಮಾತುಕತೆಯ ಆ್ಯಪ್) ಖಾತೆಗಳನ್ನು ಒಂದೊಂದಾಗಿ ಮುಚ್ಚುವುದು ನನ್ನ ಕೆಲಸವಾಗಿತ್ತು. ‘ಬಿಡುವಾದಾಗ’ ಎಂಬ ಆ ಒಂದು ಮಾತಿನಲ್ಲೇ ತೊಂದರೆಯೆಲ್ಲ ಅಡಗಿತ್ತು. ಮೇಲ್ ಅಂದೇ ಮುಚ್ಚುತ್ತಿತ್ತು, ಸ್ಲ್ಯಾಕ್ ವಾರಕ್ಕೋ ಹದಿನೈದು ದಿನಕ್ಕೋ ಮುಚ್ಚುತ್ತಿತ್ತು, ಮಂಡ್ಯದ ತೂಬಿನಕೆರೆ ಘಟಕದಿಂದ ಬಿಟ್ಟು ಹೋದವರ ಹಾಳೆಯಂತೂ ಮೈಸೂರಿಗೆ ಬಂದು ತಲುಪುವುದೇ ತಡವಾಗುತ್ತಿದ್ದುದರಿಂದ ಅವರ ಖಾತೆಗಳು ತಿಂಗಳುಗಟ್ಟಲೆ ತೆರೆದೇ ಇರುತ್ತಿದ್ದವು.

ಆ ಹಾಳೆಯ ಜಾಗಕ್ಕೆ ನಾವು ತಂದದ್ದು ಒಂದು ಐಡೆಂಟಿಟಿ ಗವರ್ನೆನ್ಸ್ ವೇದಿಕೆ. ಯಾರಿಗೆ ಯಾವ ತಂತ್ರಾಂಶದಲ್ಲಿ ಎಷ್ಟು ಪ್ರವೇಶವಿದೆ, ಅದನ್ನು ಕೊಟ್ಟವರು ಯಾರು, ಇಂದಿಗೂ ಅದು ಅವರಿಗೆ ಬೇಕೇ ಎಂಬ ಪ್ರಶ್ನೆಗಳಿಗೆ ಒಂದೇ ಕಡೆ ಲೆಕ್ಕ ಇಡುವ ವ್ಯವಸ್ಥೆ ಅದು. ಇಡೀ ವೇದಿಕೆಯ ವಿಮರ್ಶೆಗೆ ನಾನು ಕೈಹಾಕುತ್ತಿಲ್ಲ. ಅದನ್ನು ಸ್ಲ್ಯಾಕ್‌ಗೆ ಬೆಸೆಯುವ ಕನೆಕ್ಟರ್, ಅನುಮತಿ ಕೋರಿಕೆಗಳನ್ನು ಸ್ಲ್ಯಾಕ್‌ನೊಳಗೇ ತಂದು ತೋರಿಸುವ ಆ್ಯಪ್, ಮತ್ತು ಇವೆರಡನ್ನೂ ಕೂರಿಸಿಕೊಟ್ಟ ಬೆಂಗಳೂರಿನ ಸೇವಾ ಸಂಸ್ಥೆಯ ಕೆಲಸ, ಇಷ್ಟಕ್ಕೇ ಈ ಬರಹ ಸೀಮಿತ. ಮುಂದಿನ ವರ್ಷದ ಒಪ್ಪಂದದ ಮಾತುಕತೆ ಇನ್ನೂ ನಡೆಯುತ್ತಿರುವುದರಿಂದ ವೇದಿಕೆಯ ಹೆಸರನ್ನಾಗಲಿ ಸೇವಾ ಸಂಸ್ಥೆಯ ಹೆಸರನ್ನಾಗಲಿ ಬರೆಯುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ.

ಹರಟೆಯ ಆ್ಯಪ್ ಒಂದಕ್ಕೆ ಇಷ್ಟೆಲ್ಲ ಬಂದೋಬಸ್ತು ಏಕೆ ಎಂದು ನಮ್ಮ ನಿರ್ದೇಶಕರಲ್ಲಿ ಒಬ್ಬರು ಆರಂಭದಲ್ಲೇ ಕೇಳಿದ್ದರು. 2014ರಲ್ಲಿ ಸಾರ್ವಜನಿಕ ಬಳಕೆಗೆ ಬಂದು, 2021ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿಯ ಪಾಲಾದ ಸ್ಲ್ಯಾಕ್‌ನ ಹೆಸರನ್ನು ಬಿಡಿಸಿ ಓದಿದರೆ ‘ಎಲ್ಲ ಮಾತುಕತೆ ಮತ್ತು ತಿಳಿವಳಿಕೆಯ ಹುಡುಕಬಹುದಾದ ದಾಖಲೆ’ ಎಂದಾಗುತ್ತದೆ. ಆ ನಿರ್ದೇಶಕರ ಪ್ರಶ್ನೆಗೆ ಉತ್ತರ ಆ ಹೆಸರಿನಲ್ಲೇ ಇದೆ. ಪೂರ್ಣ ಸದಸ್ಯತ್ವವಿರುವ ಯಾರೇ ಆಗಲಿ ಸಾರ್ವಜನಿಕ ಚಾನೆಲ್‌ಗಳಲ್ಲಿ, ಅಂದರೆ ವಿಷಯಕ್ಕೊಂದರಂತೆ ಇರುವ ಮಾತುಕತೆಯ ಕೋಣೆಗಳಲ್ಲಿ, ತಾವು ಸೇರುವುದಕ್ಕೆ ಮುಂಚೆ ನಡೆದ ಮಾತನ್ನೂ ಹುಡುಕಿ ಓದಬಲ್ಲರು. ನಮ್ಮಲ್ಲಿ ಆ ಚಾನೆಲ್‌ಗಳೊಳಗೆ ಏನೇನಿದೆಯೆಂದರೆ, ಬಿಡಿಭಾಗಗಳ ದರಪಟ್ಟಿ, ಗ್ರಾಹಕರು ಕಳಿಸಿದ ಡ್ರಾಯಿಂಗ್, ತಿರಸ್ಕೃತ ಲಾಟಿನ ಫೋಟೋ, ಇವುಗಳ ನಡುವೆ ಎಂದೋ ಯಾರೋ ಅವಸರದಲ್ಲಿ ಅಂಟಿಸಿದ ಒಂದೆರಡು ಪಾಸ್‌ವರ್ಡ್. ಪ್ರತಿಸ್ಪರ್ಧಿ ಕಂಪನಿಗೆ ಸೇರಿದ ಹಳೆಯ ಸಹೋದ್ಯೋಗಿಯ ಮೊಬೈಲಿನಲ್ಲಿ ಈ ದಾಖಲೆ ಇನ್ನೂ ತೆರೆದುಕೊಳ್ಳುತ್ತಿದ್ದರೆ ಅದನ್ನು ಹರಟೆ ಎನ್ನಲಾಗದು.

ಒಂದೇ ಲಾಗಿನ್‌ನಿಂದ ಎಲ್ಲ ತಂತ್ರಾಂಶಗಳಿಗೂ ಪ್ರವೇಶ ಕೊಡುವ ಎಸ್‌ಎಸ್‌ಒ ಇದ್ದರೆ ಸಾಕಲ್ಲವೇ ಎಂಬುದು ಆ ನಿರ್ದೇಶಕರ ಎರಡನೆಯ ಪ್ರಶ್ನೆ, ಮತ್ತು ಇದು ಸಾಕಷ್ಟು ಜನ ಐಟಿಯವರೂ ತಪ್ಪು ತಿಳಿಯುವ ಜಾಗ. ಎಸ್‌ಎಸ್‌ಒಗೆ ಬಳಕೆಯಾಗುವ ಎಸ್‌ಎಎಂಎಲ್ 2.0 ಎಂಬುದು 2005ರ ಮಾನದಂಡ, ಅದರ ಕೆಲಸ ಗೇಟಿನ ಕಾವಲುಗಾರನದು. ಒಳಗೆ ಬರುವವರ ಕಾರ್ಡ್ ನೋಡಿ ಬಿಡುತ್ತಾನೆಯೇ ಹೊರತು ಬೆಳಗ್ಗೆಯೇ ಒಳಗೆ ಹೋದವರನ್ನು ಹುಡುಕಿ ಹೊರಗೆ ಕಳಿಸುವುದು ಅವನ ಹೊಣೆಯಲ್ಲ. ನೌಕರನ ಮುಖ್ಯ ಖಾತೆಯನ್ನು ಮುಚ್ಚಿದರೂ ಅವನ ಫೋನಿನಲ್ಲಿ ಆಗಲೇ ತೆರೆದಿರುವ ಸ್ಲ್ಯಾಕ್ ಸೆಷನ್ ಅದರ ಅವಧಿ ಮುಗಿಯುವವರೆಗೆ ಹಾಗೆಯೇ ಇರಬಹುದು. ಖಾತೆಯನ್ನು ಹುಟ್ಟಿಸುವ, ತಿದ್ದುವ ಮತ್ತು ನಿಷ್ಕ್ರಿಯಗೊಳಿಸುವ ಆದೇಶವನ್ನು ಒಂದು ವ್ಯವಸ್ಥೆ ಇನ್ನೊಂದಕ್ಕೆ ಕೊಡಲು ಬೇರೆಯೇ ಮಾನದಂಡವಿದೆ, ಅದರ ಹೆಸರು ಎಸ್‌ಸಿಐಎಂ. ಅದರ 2.0 ಆವೃತ್ತಿ 2015ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 7643 ಮತ್ತು 7644 ಎಂಬ ದಾಖಲೆಗಳಾಗಿ ಪ್ರಕಟವಾಯಿತು. ನಾವು ಕೊಂಡ ಕನೆಕ್ಟರ್ ಮಾತನಾಡುವುದು ಈ ಭಾಷೆಯನ್ನು.

ಆದರೆ ಸ್ಲ್ಯಾಕ್ ಈ ಭಾಷೆಗೆ ಕಿವಿಗೊಡುವುದು ಬಿಸಿನೆಸ್ ಪ್ಲಸ್ ಮತ್ತು ಅದಕ್ಕಿಂತ ಮೇಲಿನ ಎಂಟರ್‌ಪ್ರೈಸ್ ಯೋಜನೆಗಳಲ್ಲಿ ಮಾತ್ರ. ನಾವು ಅದುವರೆಗೆ ಪ್ರೊ ಯೋಜನೆಯಲ್ಲಿದ್ದೆವು. ಸ್ಲ್ಯಾಕ್ ತನ್ನ ಯೋಜನೆಗಳ ಪುಟದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದೆ, ಆದರೆ ನಮಗೆ ಕೊಟೇಶನ್ ಕೊಟ್ಟ ಸೇವಾ ಸಂಸ್ಥೆ ಕನೆಕ್ಟರಿನ ಬೆಲೆಯನ್ನಷ್ಟೇ ಬರೆದು, ಪ್ರತಿಯೊಬ್ಬ ಸದಸ್ಯನ ತಿಂಗಳ ಬಾಡಿಗೆಯೂ ಏರಬೇಕಾಗುತ್ತದೆ ಎಂಬುದನ್ನು ಹೇಳದೆ ಬಿಟ್ಟಿತು. ಪರ್ಚೇಸ್ ಆರ್ಡರ್ ಹೋದ ಮೇಲೆ ಈ ವಿಷಯ ಹೊರಬಂದಾಗ ಹಣಕಾಸು ವಿಭಾಗದವರ ಎದುರು ನಿಂತು ಸಮಜಾಯಿಷಿ ಕೊಡಬೇಕಾದವನು ನಾನು. ಕನೆಕ್ಟರಿಗೆ ತೆತ್ತದ್ದಕ್ಕಿಂತ ಹೆಚ್ಚು ಹಣ ಯೋಜನೆ ಬದಲಿಸುವುದಕ್ಕೆ ಹೋಯಿತು.

ಮೊದಲ ದಿನ ಖಾತೆಗಳ ಪಟ್ಟಿಯನ್ನು ಎಳೆದು ತಂದು ಎಚ್‌ಆರ್ ದಾಖಲೆಯ ಪಕ್ಕದಲ್ಲಿಟ್ಟು ಹೊಂದಿಸುವ ಕೆಲಸ ನಡೆಯಿತು. ವೇದಿಕೆಯ ಅಸಲಿ ಬೆಲೆ ಗೊತ್ತಾದದ್ದು ಆಗಲೇ. ಯಾವ ನೌಕರನಿಗೂ ಹೊಂದದ, ಹೇಳುವವರು ಕೇಳುವವರಿಲ್ಲದ ಖಾತೆಗಳನ್ನು ಅದು ಕೆಂಪು ಅಂಚಿನ ಪ್ರತ್ಯೇಕ ಪಟ್ಟಿಯಾಗಿ ಮುಂದಿಟ್ಟಿತು. ನಾನು ನಾಲ್ಕೋ ಐದೋ ಇರಬಹುದೆಂದು ಎಣಿಸಿದ್ದೆ. ಪಟ್ಟಿ ಪರದೆಯ ಕೆಳಗಿನವರೆಗೂ ಹೋಗಿತ್ತು. ಅದರಲ್ಲಿ ಪಾಲಿಟೆಕ್ನಿಕ್‌ನಿಂದ ಬಂದು ಆರು ತಿಂಗಳು ತರಬೇತಿ ಮುಗಿಸಿ ಹೋದ ಹುಡುಗರಿದ್ದರು, ‘ಟೆಸ್ಟ್ ಒಂದು’, ‘ಟೆಸ್ಟ್ ಎರಡು’ ಎಂಬವರಿದ್ದರು, ನಾನೇ ಎಂದೋ ಹುಟ್ಟಿಸಿ ಮರೆತಿದ್ದ ಡಿಸ್ಪ್ಯಾಚ್ ವಿಭಾಗದ ಹಂಚಿಕೆಯ ಖಾತೆಯೂ ಇತ್ತು. ಅದರ ಪಾಸ್‌ವರ್ಡ್ ಲಾರಿ ಲೋಡ್ ಮಾಡುವ ಜಾಗದ ಗೋಡೆಯ ಮೇಲೆ ಚೀಟಿಯಲ್ಲಿ ಅಂಟಿಸಿದ್ದಾಗಿ ಆಮೇಲೆ ತಿಳಿಯಿತು. ಇಷ್ಟು ವರ್ಷ ಶುದ್ಧವಾಗಿಟ್ಟುಕೊಂಡಿದ್ದೇನೆ ಎಂದು ನಾನು ನಂಬಿದ್ದ ಮನೆಯ ಅಟ್ಟವನ್ನು ಬೇರೊಬ್ಬರು ಹತ್ತಿ ನೋಡಿದಂತಾಯಿತು.

ಹೊಂದಿಸುವ ಈ ಕೆಲಸದಲ್ಲೇ ದೊಡ್ಡ ಎಡವಟ್ಟೂ ಆಯಿತು. ಖಾತೆಯನ್ನು ನೌಕರನೊಂದಿಗೆ ಜೋಡಿಸಲು ಇಮೇಲ್ ವಿಳಾಸವನ್ನೇ ಆಧಾರವಾಗಿ ಹಿಡಿಯಬೇಕೆಂದು ನಾವು ಕೇಳಿದ್ದೆವು. ಸೇವಾ ಸಂಸ್ಥೆಯವರು ಇಮೇಲ್ ಸಿಗದಿದ್ದರೆ ಪರದೆಯ ಮೇಲೆ ಕಾಣುವ ಹೆಸರಿನಿಂದ ಜೋಡಿಸುವ ಎರಡನೆಯ ನಿಯಮವೊಂದನ್ನು ತಮ್ಮಷ್ಟಕ್ಕೆ ತಾವೇ ಸೇರಿಸಿದ್ದರು. ಹೆಸರಿನ ಮೇಲೆ ಮನುಷ್ಯರನ್ನು ಗುರುತಿಸುವ ನಿಯಮ ಬೇರೆ ಯಾವ ಊರಿನಲ್ಲಿ ನಡೆದೀತೋ ಗೊತ್ತಿಲ್ಲ, ಮೈಸೂರು ಮಂಡ್ಯದಲ್ಲಂತೂ ನಡೆಯುವಂಥದಲ್ಲ. ಮಂಜುನಾಥ ಎಂಬ ಹೆಸರಿನವರು ನಮ್ಮ ಎರಡು ಘಟಕಗಳಲ್ಲಿ ಸೇರಿ ಆರು ಜನರಿದ್ದಾರೆ, ಅವರಲ್ಲಿ ಇಬ್ಬರ ಇನಿಷಿಯಲ್ ಕೂಡ ಒಂದೇ. ಇವರನ್ನು ನಾವು ‘ಟೂಲ್ ರೂಮ್ ಮಂಜಣ್ಣ’, ‘ತೂಬಿನಕೆರೆ ಮಂಜಣ್ಣ’ ಎಂದು ಕರೆಯುತ್ತೇವೆ, ಕಂಪ್ಯೂಟರಿಗೆ ಆ ಸೌಲಭ್ಯವಿಲ್ಲ. ತೂಬಿನಕೆರೆಯವರು ರಾಜೀನಾಮೆ ಕೊಟ್ಟ ಸಂಜೆ ಟೂಲ್ ರೂಮಿನವರ ಖಾತೆ ಮುಚ್ಚಿಹೋಯಿತು. ಮರುದಿನ ಬೆಳಗ್ಗೆ ಅವರು ನನ್ನ ಮೇಜಿನ ಮುಂದೆ ಬಂದು ನಿಂತು, ‘ಏನ್ ಸಾರ್, ನನ್ನ ಕೆಲಸದಿಂದ ತೆಗೆದ್ರಾ? ಒಂದ್ ಮಾತು ಹೇಳ್ಬಾರದಾಗಿತ್ತಾ?’ ಎಂದಾಗ ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಮನೆಯಲ್ಲಿ ಹೆಂಡತಿಗೂ ಹೇಳಿಬಿಟ್ಟಿದ್ದರಂತೆ. ಖಾತೆಯನ್ನು ಮತ್ತೆ ತೆರೆಯುವುದು ಎರಡು ನಿಮಿಷದ ಕೆಲಸ, ಏಕೆಂದರೆ ಸ್ಲ್ಯಾಕ್‌ನಲ್ಲಿ ನಿಷ್ಕ್ರಿಯಗೊಳಿಸಿದ ಖಾತೆಯ ಸಂದೇಶ ಮತ್ತು ಕಡತಗಳು ಹಾಗೆಯೇ ಉಳಿದಿರುತ್ತವೆ. ಆ ಎರಡನೆಯ ನಿಯಮವನ್ನು ಅಂದೇ ಕಿತ್ತುಹಾಕಿಸಿ, ಇಮೇಲ್‌ನ ಜೊತೆಗೆ ನೌಕರ ಸಂಖ್ಯೆಯೂ ಹೊಂದಬೇಕೆಂದು ಕಟ್ಟುನಿಟ್ಟು ಮಾಡಿಸಿದೆವು. ಈ ಬಗೆಯ ವ್ಯವಸ್ಥೆಯನ್ನು ಕೊಳ್ಳುವವರು ಸಹಿ ಮಾಡುವ ಮುನ್ನ ಜೋಡಣೆಯ ನಿಯಮಗಳನ್ನೆಲ್ಲ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಡೆಮೋದಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ.

ಹೆಸರಿನ ತಾಪತ್ರಯ ಅಲ್ಲಿಗೇ ಮುಗಿಯಲಿಲ್ಲ. ಸ್ಲ್ಯಾಕ್ ಪ್ರತಿ ಖಾತೆಗೂ ಒಂದು ಯೂಸರ್‌ನೇಮ್ ಕೇಳುತ್ತದೆ, ಅದು 21 ಅಕ್ಷರ ಮೀರುವಂತಿಲ್ಲ. ಪರದೆಯ ಮೇಲೆ ಈಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲವಾದರೂ ಹಿಂಬದಿಯಲ್ಲಿ ನಿಯಮ ಉಳಿದುಕೊಂಡಿದೆ. ಚಿಕ್ಕವೀರಭದ್ರೇಗೌಡ ಎಂಬಂಥ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದರೆ 22 ಅಕ್ಷರ, ಅಂದರೆ ಇನಿಷಿಯಲ್ ಸೇರಿಸುವ ಮೊದಲೇ ಒಂದು ಹೆಚ್ಚು. ನಮ್ಮ ಕನೆಕ್ಟರ್ ಹೆಸರನ್ನು ಮೊಟಕುಗೊಳಿಸದೆ ಹಾಗೆಯೇ ಕಳಿಸಿ, ತಿರಸ್ಕೃತವಾದಾಗ ‘ದೋಷ’ ಎಂಬ ಒಂದು ಪದ ಬರೆದು ಸುಮ್ಮನಾಗುತ್ತಿತ್ತು. ಇನ್ನು ಉಪನಾಮದ ಕಾಲಮ್ಮು ಖಾಲಿ ಇದ್ದರೆ ಕನೆಕ್ಟರ್ ಖಾತೆಯನ್ನೇ ಹುಟ್ಟಿಸುತ್ತಿರಲಿಲ್ಲ. ತಂದೆಯ ಹೆಸರಿನ ಒಂದಕ್ಷರವನ್ನು ಮುಂದಿಟ್ಟುಕೊಂಡು ಜೀವನ ಸಾಗಿಸುವ ನಮ್ಮವರಿಗೆ ಉಪನಾಮವನ್ನು ಎಲ್ಲಿಂದ ತರುವುದು? ಉದ್ದದ ಹೆಸರನ್ನು ಮೊಟಕುಗೊಳಿಸಿ, ಇನಿಷಿಯಲ್ಲನ್ನೇ ಉಪನಾಮದ ಜಾಗಕ್ಕೆ ದಾಟಿಸುವ ನಾಲ್ಕು ಸಾಲಿನ ಸೂತ್ರ ಬರೆದು ಈ ಎರಡನ್ನೂ ನಾವೇ ಸರಿಪಡಿಸಿಕೊಂಡೆವು. ಸೂತ್ರ ಬರೆಯಲು ವೇದಿಕೆ ಅವಕಾಶ ಕೊಟ್ಟಿರುವುದನ್ನು ಮೆಚ್ಚಬೇಕು, ದಕ್ಷಿಣದ ಹೆಸರುಗಳಿಗೆ ಸಿದ್ಧ ಸೂತ್ರವನ್ನು ಜೊತೆಗೇ ಕೊಡದಿರುವುದನ್ನು ಮೆಚ್ಚಲಾರೆ.

ಈಗ ಎಲ್ಲಕ್ಕಿಂತ ಹೆಚ್ಚು ನಿದ್ದೆಗೆಡಿಸಿದ ಸಂಗತಿಗೆ ಬರುತ್ತೇನೆ. ಕನೆಕ್ಟರ್ ಸ್ಲ್ಯಾಕ್‌ನೊಂದಿಗೆ ಮಾತನಾಡಬೇಕಾದರೆ ಒಂದು ಟೋಕನ್, ಅಂದರೆ ಪಾಸ್‌ವರ್ಡಿನಂಥ ಗುಪ್ತ ಸಂಕೇತ, ಬೇಕು. ಆ ಟೋಕನ್ ಯಂತ್ರಕ್ಕೆ ಸೇರಿದ್ದಲ್ಲ, ಅನುಮತಿ ಕೊಟ್ಟು ಅದನ್ನು ಪಡೆದ ಆಡಳಿತಗಾರನ ಖಾತೆಗೆ ಸೇರಿದ್ದು. ನಮ್ಮಲ್ಲಿ ಅದನ್ನು ಪಡೆದವರು ನನ್ನ ಹಿರಿಯ ಸಹೋದ್ಯೋಗಿ, ಸೇವಾ ಸಂಸ್ಥೆಯ ಎಂಜಿನಿಯರ್ ಪಕ್ಕದಲ್ಲಿ ಕೂತು ‘ಇಲ್ಲಿ ಅಲೌ ಒತ್ತಿ ಸಾರ್’ ಎಂದು ಹೇಳಿಕೊಟ್ಟ ಪ್ರಕಾರವೇ. ಒಂಬತ್ತು ತಿಂಗಳ ಬಳಿಕ ಆ ಹಿರಿಯರು ನಿವೃತ್ತರಾದರು. ಹಾರ, ಶಾಲು, ಮೈಸೂರು ಪಾಕು ಎಲ್ಲ ಆಯಿತು. ಎಚ್‌ಆರ್‌ನವರು ಅವರ ಕೊನೆಯ ದಿನವನ್ನು ನಮೂದಿಸಿದರು, ವೇದಿಕೆ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡಿ ಅವರ ಸ್ಲ್ಯಾಕ್ ಖಾತೆಯನ್ನು ಮುಚ್ಚಿತು, ಖಾತೆಯೊಂದಿಗೆ ಟೋಕನ್ನೂ ಸತ್ತಿತು. ಕುಳಿತ ಕೊಂಬೆಯನ್ನೇ ಕಡಿದುಕೊಂಡ ಕನೆಕ್ಟರ್ ಆಮೇಲೆ ಯಾರ ಖಾತೆಯನ್ನೂ ತೆರೆಯಲಿಲ್ಲ, ಯಾರದನ್ನೂ ಮುಚ್ಚಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಹಸಿರು ಚುಕ್ಕೆ ಹಾಗೆಯೇ ಉರಿಯುತ್ತಿತ್ತು, ಏಕೆಂದರೆ ಆ ಚುಕ್ಕೆ ಕೊನೆಯ ಸಲ ಯಶಸ್ವಿಯಾದ ಓಟದ ಸ್ಥಿತಿಯನ್ನು ತೋರಿಸುವಂಥದು. ನಾಲ್ಕನೆಯ ದಿನ ಹೊಸದಾಗಿ ಸೇರಿದ ಗುಣಮಟ್ಟ ವಿಭಾಗದ ಹುಡುಗಿ ‘ನಂಗಿನ್ನೂ ಸ್ಲ್ಯಾಕ್ ಬಂದಿಲ್ಲ ಸಾರ್’ ಎಂದು ಫೋನ್ ಮಾಡಿದ ಮೇಲೆಯೇ ನಮಗೆ ತಿಳಿದದ್ದು. ಆ ನಡುವೆ ಕೆಲಸ ಬಿಟ್ಟಿದ್ದ ಇಬ್ಬರ ಖಾತೆಗಳು ಹಳೆಯ ಹಳದಿ ಹಾಳೆಯ ಕಾಲದಂತೆಯೇ ತೆರೆದಿದ್ದವು.

ಪರಿಹಾರ ಗೊತ್ತಿದ್ದವರಿಗೆ ಬಲು ಸುಲಭ. ಯಾವ ಮನುಷ್ಯನಿಗೂ ಸೇರದ ಒಂದು ಸೇವಾ ಖಾತೆಯನ್ನು ತೆರೆದು, ಅದಕ್ಕೆ ಮಾಲೀಕನ ಹಕ್ಕು ಕೊಟ್ಟು, ಅದರಿಂದಲೇ ಟೋಕನ್ ಪಡೆದು, ವೇದಿಕೆಯ ಮುಚ್ಚುವ ನಿಯಮದಿಂದ ಆ ಒಂದು ಖಾತೆಯನ್ನು ಹೊರಗಿಡಬೇಕು. ಇದಕ್ಕೆ ಒಬ್ಬ ಸದಸ್ಯನ ಬಾಡಿಗೆ ಹೆಚ್ಚಾಗುತ್ತದೆ, ಆಗಲಿ. ಸೇವಾ ಸಂಸ್ಥೆಗೆ ಇದು ಗೊತ್ತಿಲ್ಲದ ವಿಷಯವೇನಲ್ಲ, ದೂರು ಹೋದ ಮೇಲೆ ಅವರು ಕಳಿಸಿದ ದಾಖಲೆಯ ಎರಡನೆಯ ಪುಟದಲ್ಲೇ ಅದು ಬರೆದಿತ್ತು. ಅವಸರದಲ್ಲಿ ಆ ಪುಟವನ್ನು ಹಾರಿಸಿದ್ದರು. ಹಸಿರು ಚುಕ್ಕೆಯ ವಿಚಾರದಲ್ಲಿ ವೇದಿಕೆಯವರು ಮುಂದಿನ ಆವೃತ್ತಿಯಲ್ಲಿ ತಿದ್ದಿಕೊಂಡಿದ್ದಾರೆ, ಈಗ ಒಂದು ಓಟ ತಪ್ಪಿದರೂ ಅದು ಹಳದಿಗೆ ತಿರುಗುತ್ತದೆ.

ಇಷ್ಟೆಲ್ಲ ದೂರಿದ ಮೇಲೆ ನಾವು ಹಣ ಕೊಟ್ಟದ್ದು ಯಾವ ಕೆಲಸಕ್ಕೋ ಆ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನೂ ಹೇಳಬೇಕು. ಬಹಳ ಚೆನ್ನಾಗಿ ನಡೆಯುತ್ತಿದೆ. ಎಚ್‌ಆರ್‌ನಲ್ಲಿ ಕೊನೆಯ ದಿನ ನಮೂದಾದ ಸಂಜೆ ಖಾತೆ ನಿಷ್ಕ್ರಿಯವಾಗುತ್ತದೆ, ಫೋನು ಮತ್ತು ಲ್ಯಾಪ್‌ಟಾಪಿನಲ್ಲಿ ತೆರೆದಿದ್ದ ಸೆಷನ್‌ಗಳು ಮುಚ್ಚುತ್ತವೆ, ಯಾವ ಗಳಿಗೆಯಲ್ಲಿ ಯಾರ ನಮೂದಿನಿಂದ ಇದು ನಡೆಯಿತು ಎಂಬ ದಾಖಲೆ ಉಳಿಯುತ್ತದೆ. ತೂಬಿನಕೆರೆಗೂ ಹೆಬ್ಬಾಳಕ್ಕೂ ಇದ್ದ ಅಂತರ ಈ ಮಟ್ಟಿಗೆ ಇಲ್ಲವಾಗಿದೆ. ಹೊಸಬರ ವಿಷಯದಲ್ಲೂ ಅಷ್ಟೇ, ಸೋಮವಾರ ಬೆಳಗ್ಗೆ ಸೇರುವವರ ಖಾತೆ ಅವರು ಗೇಟಿನಲ್ಲಿ ಹೆಸರು ಬರೆಸುವ ಹೊತ್ತಿಗೆ ಸಿದ್ಧವಿರುತ್ತದೆ. ಎಸ್‌ಸಿಐಎಂನ ‘ಡಿಲೀಟ್’ ಆದೇಶ ಕಳಿಸಿದರೂ ಸ್ಲ್ಯಾಕ್ ಖಾತೆಯನ್ನು ಅಳಿಸುವುದಿಲ್ಲ, ನಿಷ್ಕ್ರಿಯಗೊಳಿಸುತ್ತದೆ ಅಷ್ಟೆ. ನನ್ನ ಮಟ್ಟಿಗೆ ಇದೇ ಸರಿ, ಏಕೆಂದರೆ ಮೂರು ವರ್ಷದ ಹಿಂದಿನ ಗ್ರಾಹಕರ ದೂರೊಂದರ ಮಾತುಕತೆಯಲ್ಲಿ ಯಾರು ಏನು ಹೇಳಿದರೆಂಬುದು ಬೇಕಾದಾಗ ಹೆಸರಿಲ್ಲದ ಸಂದೇಶ ಯಾವ ಉಪಯೋಗಕ್ಕೂ ಬಾರದು. ಆದರೆ ಬಿಟ್ಟು ಹೋಗುವವರ ಟೋಕನ್ನಿನ ಮೇಲೆ ಬೇರೆ ಯಾವುದಾದರೂ ಸಣ್ಣ ಪ್ರೋಗ್ರಾಂ ಓಡುತ್ತಿದೆಯೇ ಎಂದು ಮುಚ್ಚುವ ಮೊದಲು ನೋಡಿಕೊಳ್ಳಬೇಕು. ನಮ್ಮ ಶಿಫ್ಟ್ ವರದಿ ಹೀಗೆಯೇ ಒಂದು ವಾರ ನಿಂತಿತ್ತು.

ಅತಿಥಿ ಖಾತೆಗಳ ವಿಷಯದಲ್ಲಿ ಇದೇ ಹೊಗಳಿಕೆಯನ್ನು ಮುಂದುವರಿಸಲಾರೆ. ಸ್ಲ್ಯಾಕ್‌ನಲ್ಲಿ ಒಂದೇ ಚಾನೆಲ್ ಕಾಣುವ ಅತಿಥಿ ಮತ್ತು ಹಲವು ಚಾನೆಲ್ ಕಾಣುವ ಅತಿಥಿ ಎಂಬ ಎರಡು ಬಗೆ ಇವೆ. ನಮ್ಮ ಡೈ ತಯಾರಕರು, ಕ್ಯಾಲಿಬ್ರೇಶನ್‌ನವರು, ಇಆರ್‌ಪಿ ಸಲಹೆಗಾರರು ಎಲ್ಲರೂ ಹೀಗೆಯೇ ಒಳಗಿದ್ದಾರೆ. ಇವರ ಯಾರ ಹೆಸರೂ ಎಚ್‌ಆರ್ ಪುಸ್ತಕದಲ್ಲಿಲ್ಲ, ಆದ್ದರಿಂದ ಇವರು ‘ಕೆಲಸ ಬಿಡುವ’ ದಿನ ಎಂಬುದೇ ಇಲ್ಲ. ಸ್ಲ್ಯಾಕ್‌ನ ಎಸ್‌ಸಿಐಎಂ ವ್ಯವಸ್ಥೆಯಲ್ಲಿ ಅತಿಥಿಯ ಬಗೆಯನ್ನೂ ಅವಧಿ ಮುಗಿಯುವ ದಿನವನ್ನೂ ತಿಳಿಸುವ ಪ್ರತ್ಯೇಕ ವಿಸ್ತರಣೆ ಇದೆ. ನಮ್ಮ ಕನೆಕ್ಟರ್ ಅದನ್ನು ಓದುವುದಿಲ್ಲ, ಅತಿಥಿಯನ್ನೂ ನೌಕರನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮೊದಲ ದಿನದ ಕೆಂಪು ಪಟ್ಟಿಯಲ್ಲಿ ಎಂಟು ತಿಂಗಳ ಹಿಂದೆ ಒಪ್ಪಂದ ಮುಗಿದಿದ್ದ ಒಬ್ಬ ಗುತ್ತಿಗೆದಾರರ ಖಾತೆ ಸಿಕ್ಕಿತಾದರೂ, ಅದು ಅತಿಥಿ ಖಾತೆ ಎಂದು ವೇದಿಕೆಗೆ ಗೊತ್ತಿದ್ದರಿಂದಲ್ಲ, ಯಾರಿಗೂ ಸೇರದ ಖಾತೆ ಎಂಬ ಕಾರಣಕ್ಕೆ.

ಚಾನೆಲ್‌ಗಳ ಒಳಗಿನ ಆಡಳಿತವನ್ನು ಬಯಸುವವರೂ ನಿರಾಸೆಗೆ ಸಿದ್ಧರಿರಬೇಕು. ವಿಭಾಗ ಬದಲಾದವರನ್ನು ಹೊಸ ಯೂಸರ್ ಗ್ರೂಪಿಗೆ ಸೇರಿಸುವುದು, ಆ ಗ್ರೂಪಿನ ಮೂಲಕ ನಿಗದಿತ ಚಾನೆಲ್‌ಗಳಿಗೆ ತಲುಪಿಸುವುದು ಆಗುತ್ತದೆ. ಆದರೆ ಖರೀದಿ ವಿಭಾಗದಿಂದ ಉತ್ಪಾದನೆಗೆ ಹೋದವರು ಖರೀದಿಯವರ ಖಾಸಗಿ ಚಾನೆಲ್‌ನಲ್ಲಿ ಇನ್ನೂ ಕೂತಿದ್ದಾರೆಯೇ ಎಂಬುದು ನಮ್ಮ ಯೋಜನೆಯಲ್ಲಿ ಕನೆಕ್ಟರಿಗೆ ಕಾಣುವುದೇ ಇಲ್ಲ. ಅದಕ್ಕೆ ಬೇಕಾದ ಆಡಳಿತದ ಕೀಲಿಗಳನ್ನು ಸ್ಲ್ಯಾಕ್ ಎಂಟರ್‌ಪ್ರೈಸ್ ಮಟ್ಟದಲ್ಲಿ ಮಾತ್ರ ಕೊಡುತ್ತದೆ. ಮನೆಯ ಬೀಗ ಇದರ ಕೈಯಲ್ಲಿದೆ, ಕೋಣೆಗಳದ್ದು ಇಲ್ಲ.

ಅನುಮತಿ ಕೋರಿಕೆಯ ಆ್ಯಪ್ ನಮ್ಮವರಿಗೆ ಎಲ್ಲಕ್ಕಿಂತ ಬೇಗ ಹಿಡಿಸಿತು. ಇಆರ್‌ಪಿಯಲ್ಲಿ ಹೊಸ ಹಕ್ಕು ಬೇಕೆಂದು ಯಾರಾದರೂ ಕೇಳಿದರೆ ಅವರ ಮೇಲಧಿಕಾರಿಗೆ ಸ್ಲ್ಯಾಕ್‌ನಲ್ಲೇ ಸಂದೇಶ ಹೋಗುತ್ತದೆ, ಕೆಳಗೆ ಒಪ್ಪಿಗೆ ಮತ್ತು ನಿರಾಕರಣೆ ಎಂಬ ಎರಡು ಗುಂಡಿ ಇರುತ್ತವೆ. ಮೇಲ್ ತೆರೆಯದ, ವೇದಿಕೆಯ ಪುಟಕ್ಕೆ ಒಮ್ಮೆಯೂ ಲಾಗಿನ್ ಆಗದ ಪ್ರೊಡಕ್ಷನ್ ಮ್ಯಾನೇಜರ್ ಕೂಡ ಮಧ್ಯಾಹ್ನದ ಊಟದ ಸಾಲಿನಲ್ಲಿ ನಿಂತೇ ಉತ್ತರ ಕೊಡುತ್ತಾರೆ. ಮೊದಲೆರಡು ತಿಂಗಳು ಇಲ್ಲೊಂದು ತೊಡಕಿತ್ತು. ಗುಂಡಿ ಒತ್ತಿದ ಮೂರು ಸೆಕೆಂಡಿನೊಳಗೆ ಆ್ಯಪ್ ‘ತಲುಪಿತು’ ಎಂದು ಹೇಳದಿದ್ದರೆ ಸ್ಲ್ಯಾಕ್ ಬಳಕೆದಾರನಿಗೆ ದೋಷದ ಸೂಚನೆ ತೋರಿಸುತ್ತದೆ. ಇದು ಸ್ಲ್ಯಾಕ್ ಎಲ್ಲ ಆ್ಯಪ್‌ಗಳಿಗೂ ಹಾಕಿರುವ ಷರತ್ತು. ನಮ್ಮ ವೇದಿಕೆಯ ಆ್ಯಪ್ ತನ್ನ ಹಿಂದಿನ ಕೆಲಸವನ್ನೆಲ್ಲ ಮುಗಿಸಿಯೇ ಉತ್ತರಿಸುತ್ತಿದ್ದುದರಿಂದ ಒಪ್ಪಿಗೆ ದಾಖಲಾಗಿದ್ದರೂ ಪರದೆಯ ಮೇಲೆ ದೋಷ ಕಾಣುತ್ತಿತ್ತು, ಮ್ಯಾನೇಜರ್ ಮತ್ತೆ ಮತ್ತೆ ಒತ್ತುತ್ತಿದ್ದರು, ಒಂದೇ ಕೋರಿಕೆಗೆ ಮೂರು ಒಪ್ಪಿಗೆ ಬೀಳುತ್ತಿತ್ತು. ದೂರು ಕೊಟ್ಟ ಮೇಲೆ ಸರಿಯಾಯಿತು. ನಿರಾಕರಿಸುವಾಗ ಕಾರಣ ಬರೆಯುವುದನ್ನು ಕಡ್ಡಾಯ ಮಾಡುವ ಆಯ್ಕೆ ಇದೆ, ಒಪ್ಪುವಾಗ ಕಡ್ಡಾಯ ಮಾಡುವ ಆಯ್ಕೆ ಇಲ್ಲ. ನನಗಾದರೆ ಎರಡನೆಯದೇ ಬೇಕು.

ಮೂರು ತಿಂಗಳಿಗೊಮ್ಮೆ ನಡೆಯುವ ಪ್ರವೇಶ ಪರಿಶೀಲನೆಯಲ್ಲಿ ಪ್ರತಿ ಮೇಲಧಿಕಾರಿಯೂ ತನ್ನ ಕೈಕೆಳಗಿನವರ ಹಕ್ಕುಗಳನ್ನು ನೋಡಿ ‘ಇರಲಿ’ ಅಥವಾ ‘ಬೇಡ’ ಎನ್ನಬೇಕು. 2025ರಲ್ಲಿ ಒಂದು ಸುತ್ತಿನ ಗಡುವು ಅಕ್ಟೋಬರ್ 1ಕ್ಕೆ ಬಿದ್ದಿತು, ಅಂದು ಆಯುಧಪೂಜೆ. ಗಡುವು ಗೊತ್ತುಪಡಿಸುವಾಗ ವೇದಿಕೆಯ ಕ್ಯಾಲೆಂಡರಿನಲ್ಲಿ ಶನಿವಾರ ಭಾನುವಾರ ಬಿಟ್ಟರೆ ಬೇರೆ ರಜೆ ಇರಲಿಲ್ಲ, ನಾನೂ ಗಮನಿಸಲಿಲ್ಲ. ಹಿಂದಿನ ಸಂಜೆ ಲೇತ್‌ಗಳಿಗೂ ಕಂಪ್ಯೂಟರುಗಳಿಗೂ ಚೆಂಡುಹೂವಿನ ಹಾರ ಕಟ್ಟುವ ಗಡಿಬಿಡಿಯಲ್ಲಿ, ಸ್ಲ್ಯಾಕ್‌ನಲ್ಲಿ ಬಂದ ನೆನಪೋಲೆಯ ಕೆಳಗಿದ್ದ ‘ಎಲ್ಲವನ್ನೂ ಒಪ್ಪು’ ಗುಂಡಿಯನ್ನು ಹನ್ನೊಂದು ಜನ ಮ್ಯಾನೇಜರುಗಳಲ್ಲಿ ಒಂಬತ್ತು ಜನ ಒತ್ತಿ ಮನೆಗೆ ಹೋದರು. ದಾಖಲೆಯಲ್ಲಿ ಪರಿಶೀಲನೆ ನೂರಕ್ಕೆ ನೂರು ಪೂರ್ಣ. ಸ್ಲ್ಯಾಕ್‌ನೊಳಗೆ ತಂದಿಟ್ಟ ಈ ಸೌಕರ್ಯವೇ ಇಲ್ಲಿ ಶತ್ರುವಾಯಿತು. ಊಟದ ಸಾಲಿನಲ್ಲಿ ನಿಂತು ಒಂದು ಕೋರಿಕೆಗೆ ಉತ್ತರಿಸಬಹುದು, ನಲವತ್ತು ಜನರ ಹಕ್ಕುಗಳನ್ನು ತೂಗಿ ನೋಡಲಾಗದು. ಆ ಗುಂಡಿಯನ್ನು ಸ್ಲ್ಯಾಕ್ ಸಂದೇಶದಿಂದ ತೆಗೆಸಿದ್ದೇನೆ, ಈಗ ಅಲ್ಲಿ ಕೊಂಡಿ ಮಾತ್ರ ಇದೆ. ಪೂರ್ಣಗೊಳ್ಳುವ ವೇಗ ಕುಗ್ಗಿದೆ, ‘ಬೇಡ’ ಎಂಬ ಉತ್ತರಗಳು ಮೊದಲ ಬಾರಿಗೆ ಬರತೊಡಗಿವೆ.

ಆಡಿಟರ್ ದೃಷ್ಟಿಯಿಂದ ಇದರ ಉಪಯೋಗ ನಿರ್ವಿವಾದ. ಮಾಹಿತಿ ಭದ್ರತೆಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ ಪ್ರವೇಶ ಹಕ್ಕುಗಳನ್ನು ಕೊಡುವುದು, ಪರಿಶೀಲಿಸುವುದು, ಹಿಂಪಡೆಯುವುದಕ್ಕೇ ಮೀಸಲಾದ 5.18 ಎಂಬ ನಿಯಂತ್ರಣವಿದೆ. ಹಿಂದೆ ಅದಕ್ಕೆ ನಾನು ಹಳದಿ ಹಾಳೆಗಳ ಫೈಲು ಹೊತ್ತು ಹೋಗುತ್ತಿದ್ದೆ, ಈ ಸಲ ಒಂದು ವರದಿ ಇಳಿಸಿಕೊಟ್ಟೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು (ವ್ಯವಸ್ಥೆಯಲ್ಲಿ ಯಾವಾಗ ಏನು ನಡೆಯಿತೆಂಬ ದಾಖಲೆ) 180 ದಿನ ಇಡಬೇಕು, ಸೈಬರ್ ಭದ್ರತೆಯ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು. ವೇದಿಕೆಯ ಲಾಗ್ ಅಷ್ಟು ಕಾಲ ಉಳಿಯುತ್ತದೆ, ಆದರೆ ಸ್ಲ್ಯಾಕ್‌ನ ಪೂರ್ಣ ಆಡಿಟ್ ಲಾಗನ್ನು ಬೇರೆ ತಂತ್ರಾಂಶಕ್ಕೆ ಎಳೆದುಕೊಳ್ಳುವ ದಾರಿ (ಎಪಿಐ) ಎಂಟರ್‌ಪ್ರೈಸ್ ಯೋಜನೆಯವರಿಗೆ ಮಾತ್ರ, ನಮಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತವಾದ ಮೇಲೆ ನೌಕರರ ವಿವರ ಯಾವ ಯಾವ ವ್ಯವಸ್ಥೆಗೆ ನಕಲಾಗುತ್ತಿದೆ ಎಂಬ ಪ್ರಶ್ನೆಯೂ ಎದ್ದಿತು. ಕನೆಕ್ಟರ್ ಮೊದಲಿಗೆ ಫೋನ್ ಸಂಖ್ಯೆಯನ್ನೂ ಸ್ಲ್ಯಾಕ್ ಪ್ರೊಫೈಲಿಗೆ ಕಳಿಸುತ್ತಿತ್ತು, ಯಾರೂ ಕೇಳಿರಲಿಲ್ಲ. ಅದನ್ನು ನಿಲ್ಲಿಸಿದ್ದೇವೆ.

ಐವತ್ತು ಜನರ ಕಚೇರಿಗೆ ಇದನ್ನು ಕೊಳ್ಳಿ ಎಂದು ಹೇಳಲಾರೆ, ಅಲ್ಲಿ ಜಾಗರೂಕನಾದ ಒಬ್ಬ ಆಡಳಿತಗಾರ ಮತ್ತು ಒಂದು ಸ್ಪ್ರೆಡ್‌ಶೀಟ್ ಸಾಕು. ಎರಡು ಊರುಗಳಲ್ಲಿ ಹರಡಿಕೊಂಡು, ತಿಂಗಳಿಗೆ ಹತ್ತಾರು ಜನ ಬಂದು ಹೋಗುವ, ಗ್ರಾಹಕರ ಆಡಿಟ್ ಎದುರಿಸಬೇಕಾದ ನಮ್ಮಂಥ ಕಂಪನಿಗೆ ದುಡ್ಡಿಗೆ ಮೋಸವಿಲ್ಲ, ಆದರೆ ಎಚ್‌ಆರ್ ದಾಖಲೆ ನೆಟ್ಟಗಿದ್ದರೆ ಮಾತ್ರ. ಕೂರಿಸಿಕೊಟ್ಟ ಸೇವೆಗೆ ಐದರಲ್ಲಿ ಎರಡು ಅಂಕ, ಕನೆಕ್ಟರಿಗೆ ಮೂರೂವರೆ. ಅತಿಥಿ ಖಾತೆಗಳ ವಿಸ್ತರಣೆಯನ್ನು ಓದಬೇಕೆಂದು ನಾವು ಹಾಕಿದ ಟಿಕೆಟ್ ಹನ್ನೊಂದು ತಿಂಗಳಿಂದ ‘ಪರಿಶೀಲನೆಯಲ್ಲಿದೆ’. ಅದು ಮುಗಿಯುವವರೆಗೆ ಪ್ರತಿ ತಿಂಗಳ ಮೊದಲ ಸೋಮವಾರ ಅತಿಥಿಗಳ ಪಟ್ಟಿಯನ್ನು ಮುದ್ರಿಸಿಕೊಂಡು, ಖರೀದಿ ವಿಭಾಗದ ಮೇಜಿಗೆ ಹೋಗಿ, ಯಾರ ಒಪ್ಪಂದ ಇನ್ನೂ ಚಾಲ್ತಿಯಲ್ಲಿದೆ ಎಂದು ಪೆನ್ನಿನಲ್ಲಿ ಟಿಕ್ ಹಾಕಿಸಿಕೊಂಡು ಬರುತ್ತಿದ್ದೇನೆ. ಹಳೆಯ ಹಳದಿ ಹಾಳೆಗಳ ಒಂದು ಕಟ್ಟು ಮಿಕ್ಕಿತ್ತು, ಅದರ ಹಿಂಬದಿಗೇ ಮುದ್ರಿಸುತ್ತೇನೆ.